ಉಚ್ಚೆ ಬಾಟ್ಲಿ, ಉಸಿರಿನ ಲೆಕ್ಕ

ಸಂತೇಬೆನ್ನೂರು ಕಡೆಯ ಅಜ್ಜಿಯೊಬ್ಬರು ಮೊಮ್ಮಗನನ್ನು ಕಂಕುಳಲ್ಲಿ ಹೊತ್ತು ಬಂದಿದ್ದರು. ಅಡಿಕೆ ಕೊಯ್ಲಿನ ಕಾಲ. ಕೂಸಿನ ತಾಯಿ ಖೇಣಿ ಮನೆಯಲ್ಲಿ, ಅಂದರೆ ಅಡಿಕೆ ಫಸಲನ್ನು ಗುತ್ತಿಗೆ ಹಿಡಿದವರಲ್ಲಿ, ಅಡಿಕೆ ಸುಲಿಯಲು ಹೋಗಿದ್ದಳಂತೆ. ಎರಡು ವರ್ಷದ ಹುಡುಗ, ಮೂರು ದಿನದಿಂದ ಜ್ವರ, ಕೆಮ್ಮು. ಕೂರುವ ಮೊದಲೇ ಅಜ್ಜಿ ಸೆರಗಿನ ಮರೆಯಿಂದ ಒಂದು ಟಾನಿಕ್ ಬಾಟ್ಲಿ ತೆಗೆದು ನನ್ನ ಮೇಜಿನ ಮೇಲಿಟ್ಟರು.

“ಡಾಕ್ಟ್ರೇ, ಕೂಸಿಗೆ ಸೂಜಿ ಚುಚ್ಚಬ್ಯಾಡ್ರಿ. ಉಚ್ಚೆ ತಂದೀನಿ. ಏನೈತೆ ಅಂತ ಇದ್ರಾಗೇ ನೋಡಿ ಹೇಳ್ರಿ.”

ನಗು ಬಂತು, ತಡೆದುಕೊಂಡೆ. ಯಾಕೆಂದರೆ ಅಜ್ಜಿ ಕೇಳಿದ್ದನ್ನೇ ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳೂ ಬಹಳ ಕಾಲದಿಂದ ಕೇಳುತ್ತಿವೆ. ಮಗುವನ್ನು ನೋಯಿಸದೆ, ಒಂದು ಬಾಟ್ಲಿ ಉಚ್ಚೆಯಲ್ಲಿ, ಎದೆಯೊಳಗೆ ಕೂತಿರುವುದು ಬ್ಯಾಕ್ಟೀರಿಯಾವೋ ವೈರಸ್ಸೋ ಎಂದು ತಿಳಿಯುವುದು ಹೇಗೆ? ಮೊದಲು ಜಗಳೂರಿನಲ್ಲಿ, ಆಮೇಲೆ ಚನ್ನಗಿರಿಯಲ್ಲಿ, ನಡುನಡುವೆ ವಾರಕ್ಕೊಂದು ದಿನ ಹೊನ್ನಾಳಿ, ನ್ಯಾಮತಿಗಳಲ್ಲಿ ಮಕ್ಕಳನ್ನು ನೋಡುತ್ತ ಬಂದ ನಾನು ಆ ಪ್ರಶ್ನೆಯ ಹಿಂದೆ ಸಾಕಷ್ಟು ಅಲೆದಿದ್ದೇನೆ. ಕೈ ಸುಟ್ಟುಕೊಂಡದ್ದೂ ಉಂಟು. ಹೊಸದಾಗಿ ಹಳ್ಳಿ ಕಡೆ ಬರುವ ಹುಡುಗ ಹುಡುಗಿಯರು, ಅಂದರೆ ನನ್ನ ಕಿರಿಯ ಡಾಕ್ಟರುಗಳು, ಕೇಳಿದಾಗಲೆಲ್ಲ ಹೇಳಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

1. ಅಜ್ಜಿಯ ಆಸೆಗೆ ನೂರು ವರ್ಷ ದಾಟಿದೆ

ದೊಡ್ಡವರು ಕೆಮ್ಮಿ ಕಫ ಉಗುಳುತ್ತಾರೆ. ಎರಡು ವರ್ಷದ ಕೂಸು ಉಗುಳುವುದಿಲ್ಲ, ನುಂಗಿಬಿಡುತ್ತದೆ. ಮೂಗು ಗಂಟಲಿಗೆ ಹತ್ತಿ ಕಡ್ಡಿ ಹಾಕಿ ತೆಗೆದರೆ ಸಿಗುವುದು ಮೂಗು ಗಂಟಲಿನ ಸುದ್ದಿ. ಎದೆಗೆ ಸೂಜಿ ಚುಚ್ಚಿ ಶ್ವಾಸಕೋಶದಿಂದಲೇ ನೀರು ತೆಗೆಯುವ ಕ್ರಮ ಕೆಲವು ಸಂಶೋಧನಾ ಕೇಂದ್ರಗಳಲ್ಲಿದೆ. ನಮ್ಮ ಕಡೆ ಅದನ್ನು ಮಾಡಹೋದರೆ ಮಗುವಿಗಿಂತ ಮೊದಲು ತಾಯಿ ಪ್ರಜ್ಞೆ ತಪ್ಪಿ ಬೀಳುತ್ತಾಳೆ. ಇನ್ನು ರಕ್ತದ ಕಲ್ಚರ್. ನ್ಯುಮೋನಿಯಾ ಆದ ಬಹುಪಾಲು ಮಕ್ಕಳ ರಕ್ತದಲ್ಲಿ ಏನೂ ಬೆಳೆಯುವುದೇ ಇಲ್ಲ. 2011ರಿಂದ 2015ರವರೆಗೆ ನಮ್ಮ ದೇಶದ ಹಲವು ಆಸ್ಪತ್ರೆಗಳು ಸೇರಿ ನ್ಯುಮೊಕಾಕಸ್ ಸೋಂಕಿನ ಶಂಕೆಯಿದ್ದ, ಐದು ವರ್ಷದೊಳಗಿನ 4377 ಮಕ್ಕಳನ್ನು ಪರೀಕ್ಷಿಸಿದವು. ಕಲ್ಚರ್‌ನಲ್ಲಿ ರೋಗಾಣು ಖಚಿತವಾಗಿ ಸಿಕ್ಕಿದ್ದು 361 ಮಕ್ಕಳಲ್ಲಿ. ನೂರಕ್ಕೆ ಎಂಟು.

ಹಾಗಾಗಿ ಉಚ್ಚೆ. ರೋಗಾಣು ಎಲ್ಲೇ ಕೂತು ಸಾಯಲಿ, ಒಡೆಯಲಿ, ಅದರ ಚೂರುಪಾರು ರಕ್ತಕ್ಕೆ ಸೇರಿ, ಮೂತ್ರಪಿಂಡದಲ್ಲಿ ಸೋಸಿ, ಕೆಳಗೆ ಬರುತ್ತದೆ. ಇದನ್ನು ಮೊದಲು ಕಂಡವರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಡೋಕೆಜ್ ಮತ್ತು ಏವರಿ ಪ್ರಮುಖರು. ನ್ಯುಮೋನಿಯಾ ರೋಗಿಗಳ ರಕ್ತದಲ್ಲೂ ಮೂತ್ರದಲ್ಲೂ ನ್ಯುಮೊಕಾಕಸ್ ಬಿಟ್ಟ, ನೀರಿನಲ್ಲಿ ಕರಗುವ ಒಂದು ವಸ್ತು ಇರುತ್ತದೆಂದು ಅವರು 1917ರಲ್ಲೇ ತೋರಿಸಿದರು. ಅದೇ ಏವರಿ ಇಬ್ಬರು ಸಂಗಡಿಗರೊಡನೆ 1944ರಲ್ಲಿ ಇದೇ ನ್ಯುಮೊಕಾಕಸ್ ಇಟ್ಟುಕೊಂಡು, ವಂಶಗುಣವನ್ನು ಸಾಗಿಸುವ ವಸ್ತು ಡಿಎನ್‌ಎ ಎಂದು ಕಂಡುಕೊಂಡರು. ಇವತ್ತು ‘ಮಾಲಿಕ್ಯುಲರ್ ಟೆಸ್ಟ್’ ಎಂದು ಗತ್ತಿನಿಂದ ಹೇಳುವ ಎಲ್ಲದರ ಬೇರು ಈ ಒಂದು ರೋಗಾಣುವಿನಲ್ಲಿದೆ. ಪಿಜಿ ಓದುವಾಗ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೆ ನ್ಯುಮೊಕಾಕಸ್ ಮೇಲೆ ಸ್ವಲ್ಪ ಗೌರವ ಮೊದಲೇ ಬಂದಿರುತ್ತಿತ್ತು.

2. ಗೆರೆ ಮೂಡಿತೆಂದು ಕುಣಿಯಬೇಡಿ

ಕೆಲವು ವರ್ಷಗಳ ಹಿಂದೆ ಔಷಧ ಕಂಪನಿಯೊಂದರ ಪ್ರತಿನಿಧಿ ಒಂದು ಪೆಟ್ಟಿಗೆ ಪರೀಕ್ಷಾಪಟ್ಟಿ ತಂದುಕೊಟ್ಟ. ಗರ್ಭಿಣಿಯರು ನೋಡಿಕೊಳ್ಳುತ್ತಾರಲ್ಲ, ಆ ಬಗೆಯದು. ಉಚ್ಚೆಯಲ್ಲಿ ನ್ಯುಮೊಕಾಕಸ್‌ನ ಕೋಶಭಿತ್ತಿಯ ಸಕ್ಕರೆ ಇದ್ದರೆ ಹದಿನೈದು ನಿಮಿಷದಲ್ಲಿ ಎರಡನೇ ಗೆರೆ ಮೂಡುತ್ತದೆ. ನನಗೋ ಹೊಸ ಆಟಿಕೆ ಸಿಕ್ಕ ಸಂಭ್ರಮ.

ನಾಲ್ಕನೆಯದೋ ಐದನೆಯದೋ ಮಗು. ಒಂದೂವರೆ ವರ್ಷದ ಹುಡುಗಿ, ಉಸಿರು ಜೋರು, ಗೆರೆ ಕೆಂಪಗೆ ಮೂಡಿತು. ‘ಸಿಕ್ಕಿಬಿದ್ದೆ’ ಎಂದುಕೊಂಡು ಆಂಟಿಬಯೋಟಿಕ್ ಬರೆದೆ. ಎರಡು ದಿನವಾದರೂ ಕಡಿಮೆಯಾಗಲಿಲ್ಲ. ಔಷಧ ಬದಲಿಸಿದೆ. ಮೂರನೇ ದಿನ ಎದೆಗೆ ಕಿವಿಗೊಟ್ಟು ಸಮಾಧಾನವಾಗಿ ಕೇಳಿದಾಗ ಎರಡೂ ಕಡೆ ಸಿಳ್ಳೆ ಸದ್ದು. ವೈರಸ್ಸಿನಿಂದ ಸಣ್ಣ ಉಸಿರುನಾಳಗಳು ಊದಿಕೊಂಡಿದ್ದವು, ಅಷ್ಟೇ. ಮೊದಲ ದಿನವೇ ಆ ಸದ್ದು ಇದ್ದಿರಬೇಕು. ನಾನು ಗೆರೆ ನೋಡುತ್ತಿದ್ದೆ, ಎದೆ ಕೇಳಲಿಲ್ಲ.

ಮತ್ತೆ ಗೆರೆ ಮೂಡಿದ್ದೇಕೆ? ಅದು ಮನಸ್ಸಿಗೆ ಹತ್ತಿದ ಮುಳ್ಳು. ತಾಯಿಯ ಜೊತೆ ಬಂದಿದ್ದ ಅಣ್ಣ, ನಾಲ್ಕು ವರ್ಷದವನು, ಹೊರಗೆ ಬೆಂಚಿನ ಮೇಲೆ ಹತ್ತಿ ಇಳಿದು ದಾಂಧಲೆ ಮಾಡುತ್ತಿದ್ದ. ಸಿಂಬಳ ಬಿಟ್ಟರೆ ಬೇರೇನೂ ಇಲ್ಲ. ತಾಯಿಯನ್ನು ಕೇಳಿ ಅವನದೂ ಉಚ್ಚೆ ಹಿಡಿಸಿದೆ. ಅವನದರಲ್ಲೂ ಗೆರೆ ಮೂಡಿತು, ತಂಗಿಯದಕ್ಕಿಂತ ದಟ್ಟವಾಗಿ!

ಆಮೇಲೆ ಓದಿ ನೋಡಿದರೆ ಇದು ನನ್ನೊಬ್ಬನ ಶೋಧವೇನಲ್ಲ. ಈ ಶತಮಾನದ ಆರಂಭದಲ್ಲೇ ಗ್ಯಾಂಬಿಯಾದಲ್ಲಿ, ಈಕ್ವೆಡಾರಿನಲ್ಲಿ ಮಕ್ಕಳ ಮೇಲೆ ಇದನ್ನು ನೋಡಿಯಾಗಿತ್ತು. ನ್ಯುಮೊಕಾಕಸ್ ಚಿಕ್ಕಮಕ್ಕಳ ಮೂಗಿನ ಹಿಂಭಾಗದಲ್ಲಿ ಯಾವ ತೊಂದರೆಯನ್ನೂ ಕೊಡದೆ ಬಾಡಿಗೆಗಿರುತ್ತದೆ. ಬಡ ದೇಶಗಳ ಎಷ್ಟೋ ಊರುಗಳಲ್ಲಿ ಅರ್ಧಕ್ಕರ್ಧ ಮಕ್ಕಳ ಮೂಗಿನಲ್ಲಿ ಅದು ಸಿಗುತ್ತದೆ. ಅಲ್ಲಿಂದ ಉದುರಿದ ಚೂರುಗಳೂ ಉಚ್ಚೆಗೆ ಬರುತ್ತವೆ. ದೊಡ್ಡವರ ಮೂಗಿನಲ್ಲಿ ಈ ಬಾಡಿಗೆದಾರ ಕಡಿಮೆ. ಅದಕ್ಕೇ ಇದೇ ಪಟ್ಟಿ ದೊಡ್ಡವರಲ್ಲಿ ಚೆನ್ನಾಗಿ ನಡೆಯುತ್ತದೆ, ಮಕ್ಕಳಲ್ಲಿ ಮುಗ್ಗರಿಸುತ್ತದೆ. ಬಾಯಲ್ಲಿ ಸಾಧುವಾಗಿ ಬದುಕುವ ನ್ಯುಮೊಕಾಕಸ್‌ನ ದಾಯಾದಿಗಳಲ್ಲೂ ಅದೇ ಸಕ್ಕರೆ ಇರುವುದು ಇನ್ನೊಂದು ತೊಡಕು.

ಚನ್ನಗಿರಿಯವರಿಗೆ ಇದನ್ನು ವಿವರಿಸುವುದು ಸುಲಭ. ಕೊಯ್ಲಿನ ತಿಂಗಳಲ್ಲಿ ನಮ್ಮೂರಿನ ಯಾರ ಅಂಗಿ ನೋಡಿದರೂ ಅಡಿಕೆ ಚೊಗರಿನ ಕಲೆ ಇರುತ್ತದೆ. ಕಲೆ ಕಂಡ ಮಾತ್ರಕ್ಕೆ ಅವನೇ ಖೇಣಿದಾರ ಎಂದು ಮುಂಗಡ ಕೇಳಲು ಹೋದರೆ ಏನಾದೀತು?

3. ಪಿಸಿಆರ್ ಅಂದರೆ ಕಡೆಯ ಮಾತಲ್ಲ

ಕೊರೊನಾ ಬಂದ ಮೇಲೆ ಹಳ್ಳಿಯವರ ಬಾಯಲ್ಲೂ ‘ಆರ್‌ಟಿಪಿಸಿಆರ್’ ಸಲೀಸು. ಕ್ಷಯಕ್ಕೆಂದು ತಂದ, ಬ್ಯಾಟರಿಯಲ್ಲೂ ಓಡುವ ಟ್ರೂನ್ಯಾಟ್ ಪಿಸಿಆರ್ ಯಂತ್ರಗಳು ತಾಲ್ಲೂಕು ಮಟ್ಟಕ್ಕೂ ಇಳಿದಿವೆ. “ಅದ್ರಾಗೇ ನ್ಯುಮೋನಿಯಾನೂ ಹಾಕಿ ನೋಡ್ಬಹುದಲ್ಲ ಸಾರ್” ಎಂದು ನಮ್ಮ ಲ್ಯಾಬ್ ಹುಡುಗನೇ ಒಮ್ಮೆ ಕೇಳಿದ. ಒಳ್ಳೆಯ ಪ್ರಶ್ನೆ.

ನ್ಯುಮೊಕಾಕಸ್‌ಗೆ ಅದರದೇ ಗುರುತಿನ ಜೀನುಗಳಿವೆ. ಪ್ರಯೋಗಾಲಯಗಳು ಹೆಚ್ಚಾಗಿ ಹುಡುಕುವುದು ಲಿಟ್-ಎ ಎಂಬುದನ್ನು. ಸಕ್ಕರೆಯ ಪಟ್ಟಿಗಿಂತ ಇದು ಕರಾರುವಾಕ್ಕು, ದಾಯಾದಿಗಳ ಗೊಂದಲ ಕಡಿಮೆ. ಆದರೆ ಮೂಗಿನ ಬಾಡಿಗೆದಾರನ ಸಮಸ್ಯೆ ಹಾಗೇ ಉಳಿಯಿತಲ್ಲ! ಪರೀಕ್ಷೆ ಸೂಕ್ಷ್ಮವಾದಷ್ಟೂ ಬೇಡದ್ದನ್ನೂ ಹೆಚ್ಚು ಹುಡುಕಿಕೊಡುತ್ತದೆ. ಡಿಎನ್‌ಎ ಸಿಕ್ಕಿತು ಅಂದರೆ ರೋಗಾಣು ಜೀವಂತವಿದೆಯೋ ಸತ್ತಿದೆಯೋ, ಎದೆಯದೋ ಮೂಗಿನದೋ, ಇಂದಿನದೋ ಹೋದ ವಾರದ್ದೋ ಎಂದು ಯಂತ್ರ ಹೇಳುವುದಿಲ್ಲ. ಎಷ್ಟಿದೆ ಎಂಬ ಪ್ರಮಾಣ ನೋಡಿ ಬೇರ್ಪಡಿಸಬಹುದೆಂಬ ಆಸೆಯಿಂದ ಬಹಳ ಜನ ದುಡಿದಿದ್ದಾರೆ. ಆದರೆ ರೋಗವಿರುವ ಮತ್ತು ಇಲ್ಲದ ಮಕ್ಕಳ ಅಂಕಿಗಳು ಒಂದರ ಮೇಲೊಂದು ಹತ್ತಿ ಕೂತುಬಿಡುತ್ತವೆ.

ಇದರ ಮೇಲೆ ಉಚ್ಚೆಯದೇ ಒಂದು ಕಷ್ಟವಿದೆ. ರಕ್ತದಿಂದ ಸೋಸಿ ಬರುವ ಡಿಎನ್‌ಎ ತೀರಾ ತುಂಡು ತುಂಡು. ಬೆಚ್ಚಗಿನ ಉಚ್ಚೆಯಲ್ಲಿ ಇನ್ನೂ ಬೇಗ ಕರಗುತ್ತದೆ. ಜಗಳೂರಿನ ಏಪ್ರಿಲ್ ಬಿಸಿಲಲ್ಲಿ ಆಟೋದ ಡಿಕ್ಕಿಯೊಳಗೆ ಎರಡು ಗಂಟೆ ಕೂತ ಡಬ್ಬಿಯಲ್ಲಿ ಏನು ಉಳಿದೀತು? ಸಕ್ಕರೆಯ ಅಂಶ ಅಷ್ಟು ಬೇಗ ಕೆಡುವುದಿಲ್ಲ. ಹಾಗಾಗಿ ಹಳೆಯ ಪಟ್ಟಿ ತಪ್ಪಾಗಿ ‘ಇದೆ’ ಎನ್ನುತ್ತದೆ, ಹೊಸ ಯಂತ್ರ ತಪ್ಪಾಗಿ ‘ಇಲ್ಲ’ವೆನ್ನುವ ಸಂಭವವೂ ಇರುತ್ತದೆ.

4. ಉಚ್ಚೆ ಹಿಡಿಸುವ ವಿದ್ಯೆಯನ್ನು ಅಜ್ಜಿಯರಿಂದ ಕಲಿಯಿರಿ

ಎಲ್ಲ ಸಂಶೋಧನಾ ಲೇಖನಗಳೂ ‘ಮೂತ್ರವನ್ನು ಸುಲಭವಾಗಿ ಸಂಗ್ರಹಿಸಬಹುದು’ ಎಂದೇ ಶುರುವಾಗುತ್ತವೆ. ಬರೆದವರು ಎಂಟು ತಿಂಗಳ ಹೆಣ್ಣುಕೂಸಿಗೆ ಯೂರಿನ್ ಬ್ಯಾಗ್ ಅಂಟಿಸಿಲ್ಲ ಎಂದು ನನ್ನ ಗುಮಾನಿ. ಅಂಟಿಸಿದ್ದು ಜಾರುತ್ತದೆ, ಕೂಸು ಒದೆಯುತ್ತದೆ, ಭೇದಿ ಬೆರೆಯುತ್ತದೆ, ಒಂದು ಗಂಟೆ ಕಾದ ಮೇಲೆ ಸಿಗುವುದು ಮೂರು ತೊಟ್ಟು.

ನಮ್ಮ ಅಜ್ಜಿಯರು ಕಾಲು ಚಾಚಿ ಕೂತು, ಪಾದಗಳ ನಡುವೆ ಕೂಸನ್ನು ಕೂರಿಸಿಕೊಂಡು “ಶ್ಶ್ಶ್…” ಎಂದರೆ ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ನನ್ನ ನರ್ಸಮ್ಮ ಇದರ ಜೊತೆಗೆ ಕೂಸಿನ ಕಿಬ್ಬೊಟ್ಟೆಗೆ ತಣ್ಣೀರಿನ ಬಟ್ಟೆಯನ್ನೂ ಸವರುತ್ತಾರೆ. ಮೆಲ್ಬರ್ನ್‌ನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಇದನ್ನೇ ಕ್ರಮಬದ್ಧವಾಗಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು: ತಣ್ಣನೆಯ ಬಟ್ಟೆ ಸವರಿದ ಕೂಸುಗಳಲ್ಲಿ ನೂರಕ್ಕೆ 31 ಐದು ನಿಮಿಷದೊಳಗೆ ಉಚ್ಚೆ ಹೊಯ್ದವು, ಸವರದವುಗಳಲ್ಲಿ 12 ಮಾತ್ರ. ನರ್ಸಮ್ಮನಿಗೆ ಓದಿ ಹೇಳಿದೆ. “ಅದಕ್ಕೆ ಫಾರಿನ್‌ಗೆ ಯಾಕೆ ಹೋಗ್ಬೇಕಿತ್ತು ಸಾರ್” ಅಂದರು.

ಟಾನಿಕ್ ಬಾಟ್ಲಿ, ಉಪ್ಪಿನಕಾಯಿ ಡಬ್ಬಿ, ಡೆಟ್ಟಾಲ್ ಹಾಕಿ ತೊಳೆದ ಸ್ಟೀಲ್ ಲೋಟ ಯಾವುದೂ ಬೇಡ. ಇದನ್ನು ಎಷ್ಟು ಸಲ ಹೇಳಿದರೂ ತರುವವರು ತರುತ್ತಾರೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಮಗು ಏದುಸಿರು ಬಿಡುತ್ತಿದ್ದರೆ ಉಚ್ಚೆಗಾಗಿ ಕಾಯುತ್ತ ಆಂಟಿಬಯೋಟಿಕ್‌ನ ಮೊದಲ ಡೋಸ್ ತಡಮಾಡಬೇಡಿ.

5. ಗುರುವಾರ ಯಾವಾಗಿತ್ತು ಎಂದು ಕೇಳಿ

ನಮ್ಮಲ್ಲಿ ಲಸಿಕೆಯ ದಿನ ಗುರುವಾರ. ನ್ಯುಮೊಕಾಕಸ್ ಲಸಿಕೆ ಸರ್ಕಾರಿ ಕಾರ್ಯಕ್ರಮಕ್ಕೆ 2017ರಲ್ಲಿ ಕೆಲವೇ ರಾಜ್ಯಗಳಲ್ಲಿ ಸೇರಿ, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು ಎಂದು ಮೂರು ಡೋಸ್. ಲಸಿಕೆಯಲ್ಲಿರುವುದೂ ಅದೇ ರೋಗಾಣುವಿನ ಸಕ್ಕರೆ ತಾನೆ? ಹಾಕಿಸಿಕೊಂಡ ಕೆಲವು ದಿನ ಆರೋಗ್ಯವಂತ ಮಗುವಿನ ಉಚ್ಚೆಯಲ್ಲೂ ಗೆರೆ ಮೂಡಬಹುದು. ತಾಯಿ ಕಾರ್ಡ್ ನೋಡದೆ ಪಟ್ಟಿ ಅದ್ದಬೇಡಿ.

ಕಾರ್ಡಿನಲ್ಲಿ ಮೂರೂ ಡೋಸ್ ಬಿದ್ದಿದ್ದರೆ, ಐದು ರೋಗಗಳ ಪೆಂಟಾ ಲಸಿಕೆಯೂ ಆಗಿದ್ದರೆ, ಆ ಕೆಮ್ಮು ಬ್ಯಾಕ್ಟೀರಿಯಾದ್ದಾಗಿರುವ ಸಂಭವ ಆಗಲೇ ಇಳಿದಿರುತ್ತದೆ. ಒಂದು ಹರಿದ ಹಳದಿ ಕಾರ್ಡು ಎಷ್ಟೋ ಸಲ ದುಬಾರಿ ಟೆಸ್ಟಿಗಿಂತ ಹೆಚ್ಚು ಹೇಳುತ್ತದೆ.

6. ಒಂದು ನಿಮಿಷ ಅಂದರೆ ಅರವತ್ತು ಸೆಕೆಂಡು

ಪಪುವಾ ನ್ಯೂಗಿನಿಯ ಗುಡ್ಡಗಾಡಿನಲ್ಲಿ ಎಕ್ಸ್‌ರೇ ಇಲ್ಲದೆ, ಲ್ಯಾಬ್ ಇಲ್ಲದೆ ನ್ಯುಮೋನಿಯಾ ಗುರುತಿಸುವುದು ಹೇಗೆಂದು ಫ್ರಾಂಕ್ ಶಾನ್ ಎಂಬ ಮಕ್ಕಳ ವೈದ್ಯರು ತಲೆಕೆಡಿಸಿಕೊಂಡಿದ್ದರು. ಕೆಮ್ಮುವ ಮಗುವಿನ ಉಸಿರಿನ ವೇಗ, ಪಕ್ಕೆ ಒಳಸೆಳೆತ ಇವೆರಡನ್ನು ನೋಡಿದರೆ ಬಹುಪಾಲು ತಿಳಿಯುತ್ತದೆಂದು 1980ರ ದಶಕದಲ್ಲಿ ಬರೆದರು. ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಎತ್ತಿಕೊಂಡಿತು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷಕ್ಕೆ 40. ಇಷ್ಟು ಅಥವಾ ಇದಕ್ಕೆ ಮೇಲೆ ಇದ್ದರೆ ಉಸಿರು ಜೋರು ಎಂದರ್ಥ.

ಗಡ್‌ಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಓದು ಬರಹ ಬಾರದ ಸೂಲಗಿತ್ತಿಯರಿಗೆ ಮರಳು ಗಡಿಯಾರ ಮತ್ತು ಮಣಿಗಳಿರುವ ಒಂದು ಸಾಧನ ಮಾಡಿಕೊಟ್ಟರು: ಹತ್ತು ಉಸಿರಿಗೆ ಒಂದು ಮಣಿ ಸರಿಸು, ಮರಳು ಮುಗಿಯುವ ಮೊದಲು ಕೆಂಪು ಮಣಿ ಬಂದರೆ ನ್ಯುಮೋನಿಯಾ. ಹಳ್ಳಿಯ ಕಾರ್ಯಕರ್ತರೇ ಔಷಧ ಕೊಟ್ಟು ಮಕ್ಕಳನ್ನು ಉಳಿಸಬಹುದೆಂದು ಅವರು 1990ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ನನ್ನ ಪ್ರಕಾರ ನಮ್ಮ ದೇಶದಲ್ಲಿ ನ್ಯುಮೋನಿಯಾ ಪತ್ತೆಗೆ ತಯಾರಾದ ಅತ್ಯುತ್ತಮ ಯಂತ್ರ ಆ ಮಣಿಸರ.

ಇಷ್ಟು ಸರಳವಾದದ್ದನ್ನು ನಾವೇಕೆ ಮಾಡುವುದಿಲ್ಲ? ನಾಚಿಕೆಯಿಂದ ಹೇಳುತ್ತೇನೆ, ಬೇಸರಕ್ಕೆ. ಹೊರಗೆ ನಲವತ್ತು ಜನ ಕಾದಿರುವಾಗ ಒಂದು ನಿಮಿಷ ಸುಮ್ಮನೆ ಒಂದು ಹೊಟ್ಟೆಯನ್ನೇ ನೋಡುತ್ತ ಕೂರುವುದು ಬಹಳ ಉದ್ದವೆನಿಸುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುತ್ತೇವೆ. ಚಿಕ್ಕ ಕೂಸುಗಳ ಉಸಿರು ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನ ಹಾಗೆ: ಸ್ವಲ್ಪ ಹೊತ್ತು ಓಡುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ. ನಡುವಿನ ಹದಿನೈದು ಸೆಕೆಂಡನ್ನು ಹಿಡಿದು ಗುಣಿಸಿದರೆ ಒಂದು ಉಸಿರಿನ ತಪ್ಪು ನಾಲ್ಕಾಗುತ್ತದೆ. ಜಗಳೂರಿನಲ್ಲಿದ್ದಾಗ ಐದು ತಿಂಗಳ ಕೂಸೊಂದಕ್ಕೆ ಹೀಗೆ ಗುಣಿಸಿ 44 ಎಂದು ಬರೆದು ಕಳಿಸಿದ್ದೆ. ಸಂಜೆ ಅದೇ ಕೂಸು ವಾಪಸು ಬಂತು, ಮೂಗಿನ ಹೊಳ್ಳೆ ಅರಳಿಸಿಕೊಂಡು, ನರಳುತ್ತ. ಪೂರ್ತಿ ನಿಮಿಷ ಎಣಿಸಿದರೆ 68. ಬೆಳಗ್ಗೆ ನಿಜಕ್ಕೂ ಎಷ್ಟಿತ್ತೋ ಗೊತ್ತಿಲ್ಲ. ಕೂಸು ದಾವಣಗೆರೆಗೆ ಹೋಗಿ ಹುಷಾರಾಗಿ ಬಂತು. ಆದರೆ ಆ 44 ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಅಳುವಾಗ ಎಣಿಸಬೇಡಿ. ಜ್ವರ 103 ಇದ್ದರೆ ಇಳಿಸಿ ಮತ್ತೆ ಎಣಿಸಿ. ತಾಯಿಯ ತೊಡೆಯ ಮೇಲಿದ್ದಂತೆಯೇ, ಅಂಗಿ ಮೇಲೆತ್ತಿ, ಹೊಟ್ಟೆ ಎದೆ ಸೇರುವ ಜಾಗ ನೋಡಿ. ಉಸಿರು ಎಳೆದಾಗ ಎದೆಯ ಕೆಳಭಾಗ ಉಬ್ಬುವ ಬದಲು ಒಳಗೆ ಹೋದರೆ ಅದೇ ಪಕ್ಕೆ ಸೆಳೆತ. ನಮ್ಮ ಹೆಂಗಸರಿಗೆ ಇದು ಗೊತ್ತು, “ಪಕ್ಕೆ ಹೊಡ್ಕತೈತೆ” ಎಂದೇ ಹೇಳಿಕೊಂಡು ಬರುತ್ತಾರೆ. ಅಂಗಿ ಎತ್ತಿದಾಗ ಆಗ ಈಗ ಇನ್ನೊಂದೂ ಕಾಣುತ್ತಿತ್ತು: ಪಕ್ಕೆ ಸೆಳೆತಕ್ಕೆ ಮದ್ದೆಂದು ಹೊಟ್ಟೆಯ ಮೇಲೆ ಹಾಕಿದ ಹಸಿ ಬರೆ. ಕೂಗಾಡಿದರೆ ಮುಂದಿನ ಸಲ ಬರುವುದೇ ಇಲ್ಲ. ಬರೆಗೆ ಮುಲಾಮು ಹಚ್ಚಿ, ಮಗುವಿನ ಪಕ್ಕೆ ಸೆಳೆತವನ್ನು ಬರೆ ಹಾಕಿಸಿದ ಅಜ್ಜಿಯೇ ಮೊದಲು ಗುರುತಿಸಿದ್ದಕ್ಕೆ ಮೆಚ್ಚುಗೆ ಹೇಳಿ, ಮುಂದಿನ ಸಲ ಇದು ಕಂಡ ಕೂಡಲೇ ಬರೆಗೆ ಮೊದಲು ಇಲ್ಲಿಗೆ ಬಾ ಎಂದು ಕಳಿಸುತ್ತಿದ್ದೆ. ಕೆಲವರು ಬಂದರು.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೊರೊನಾದ ಒಂದೇ ಒಳ್ಳೆಯ ಉಳಿಕೆ. ಆದರೆ ದೊಡ್ಡವರ ಕ್ಲಿಪ್ ಕೂಸಿನ ಬೆರಳಿಗೆ ಕೂರುವುದಿಲ್ಲ. ಮಕ್ಕಳದ್ದೇ ಬೇಕು, ಪಾದ ಬೆಚ್ಚಗಿರಬೇಕು, ನಾಡಿಯ ಅಲೆ ಸಮವಾಗಿ ಬರುವವರೆಗೆ ಕಾಯಬೇಕು. 90ಕ್ಕಿಂತ ಕೆಳಗಿದ್ದರೆ ಮಾತಿಲ್ಲ, ಆಮ್ಲಜನಕ ಹಚ್ಚಿ ದೊಡ್ಡ ಆಸ್ಪತ್ರೆಗೆ. ಹಾಲು ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಅಂಕಿ ಎಷ್ಟೇ ಇರಲಿ, ಅದೇ ದಾರಿ. ಚನ್ನಗಿರಿಯಿಂದ ದಾವಣಗೆರೆಯ ಬಾಪೂಜಿ ಮಕ್ಕಳ ಆಸ್ಪತ್ರೆಗೋ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಗಂಟೆಗೆ ಮೇಲಿನ ದಾರಿ. ಹೊರಡಿಸುವ ಮೊದಲು ಆಂಟಿಬಯೋಟಿಕ್‌ನ ಮೊದಲ ಡೋಸ್ ಮಗುವಿನ ಮೈ ಸೇರಿರಬೇಕು. 2019ರಲ್ಲಿ ಶುರುವಾದ ‘ಸಾನ್ಸ್’ ಅಭಿಯಾನದಲ್ಲಿ ಆಶಾ ಕಾರ್ಯಕರ್ತೆಯರಿಗೂ ಈ ಮೊದಲ ಡೋಸ್ ಅಮಾಕ್ಸಿಸಿಲಿನ್ ಕೊಡುವ ಅವಕಾಶವಿದೆ. ಬಹಳ ಡಾಕ್ಟರುಗಳಿಗೇ ಇದು ತಿಳಿದಿಲ್ಲ.

7. ಸಿಳ್ಳೆ ಕೇಳಿದರೆ ಕೈ ತಡೆಯಿರಿ

ಅಡಿಕೆ ಬೇಯಿಸುವ ತಿಂಗಳುಗಳಲ್ಲಿ ಚನ್ನಗಿರಿ, ನ್ಯಾಮತಿಯ ಹಳ್ಳಿಗಳ ಮೇಲೆ ಹೊಗೆಯ ಚಾದರ ಹಾಸಿರುತ್ತದೆ. ಜಗಳೂರಿನ ಕಡೆ ಮೆಕ್ಕೆಜೋಳ ಬಡಿಯುವ ಧೂಳು. ಉಬ್ಬಸದ ಮಕ್ಕಳೆಲ್ಲ ಆಗಲೇ ಬರುತ್ತಾರೆ, ಎಲ್ಲರ ಉಸಿರೂ ಜೋರು, ಎಣಿಸಿದರೆ ಎಲ್ಲರೂ ನ್ಯುಮೋನಿಯಾ! ಸಿಳ್ಳೆ ಸದ್ದಿದ್ದರೆ ಉಸಿರುನಾಳ ಸಡಿಲಿಸುವ ಔಷಧವನ್ನು ನೆಬುಲೈಸರ್‌ನಲ್ಲೋ ಸ್ಪೇಸರ್‌ನಲ್ಲೋ ಕೊಟ್ಟು, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಎಣಿಸಿ. ಮೂರು ಸಲದವರೆಗೆ ನೋಡಬಹುದು. ಉಸಿರು ಇಳಿದರೆ ಆಂಟಿಬಯೋಟಿಕ್ ಉಳಿಯಿತು.

8. ಉಚ್ಚೆ ನಿಜ ಹೇಳಿದ ದಿನಗಳೂ ಇವೆ

ಇಷ್ಟೆಲ್ಲ ಓದಿ ಉಚ್ಚೆಯನ್ನು ಚೆಲ್ಲಿಬಿಡಬೇಡಿ. ಹೊನ್ನಾಳಿಯಲ್ಲಿ ಏಳು ತಿಂಗಳ ಹೆಣ್ಣುಮಗು, ಜ್ವರ, ಸ್ವಲ್ಪ ಕೆಮ್ಮು, ಯಾರೋ ಆಗಲೇ ನ್ಯುಮೋನಿಯಾ ಎಂದು ಚೀಟಿ ಬರೆದಿದ್ದರು. ಉಸಿರು ಎಣಿಸಿದರೆ 42. ಎದೆ ಸ್ವಚ್ಛ. ಸಾಮಾನ್ಯ ಉಚ್ಚೆ ಪರೀಕ್ಷೆಯಲ್ಲಿ ಕೀವುಕಣಗಳು ತುಂಬಿದ್ದವು, ಕಲ್ಚರ್‌ನಲ್ಲಿ ಇ-ಕೋಲೈ ಬೆಳೆಯಿತು. ಮೂತ್ರದ ಸೋಂಕು. ಉಚ್ಚೆ ತನ್ನ ಮನೆಯ ಸುದ್ದಿ ಹೇಳುವಾಗ ಇಷ್ಟು ನೇರ. ನೆರೆಮನೆಯ ಸುದ್ದಿ ಹೇಳುವಾಗಲೇ ಅದರ ಮಾತು ತೊದಲುವುದು.

ಇನ್ನೊಂದು, ಎಚ್‌ಐವಿ ಇರುವವರಲ್ಲಿ ಕ್ಷಯ. ಅವರ ಉಚ್ಚೆಯಲ್ಲಿ ಕ್ಷಯದ ರೋಗಾಣುವಿನ ‘ಲ್ಯಾಮ್’ ಎಂಬ ಅಂಶವನ್ನು ಹುಡುಕುವ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಪ್ಪಿತು, 2019ರಲ್ಲಿ ಬಳಕೆಯ ವ್ಯಾಪ್ತಿ ಹಿಗ್ಗಿಸಿತು. ಮಕ್ಕಳಿಗೂ ಅದು ಸಲ್ಲುತ್ತದೆ. ಕ್ಷಯದ ರೋಗಾಣು ನ್ಯುಮೊಕಾಕಸ್‌ನಂತೆ ಮೂಗಿನಲ್ಲಿ ಬಾಡಿಗೆಗೆ ಇರುವುದಿಲ್ಲ, ಆದ್ದರಿಂದ ಅಲ್ಲಿ ಗೆರೆಗೆ ಬೆಲೆ ಜಾಸ್ತಿ.

ಮೂರನೆಯದು ನನಗೆ ತೀರಾ ಇಷ್ಟವಾದ ಬಳಕೆ. ನಮ್ಮ ಕಡೆ ಮಗು ಡಾಕ್ಟರ ಬಳಿ ಬರುವಷ್ಟರಲ್ಲಿ ಮೆಡಿಕಲ್ ಶಾಪಿನ ಒಂದು ಸಿರಪ್ ಹೊಟ್ಟೆ ಸೇರಿರುತ್ತದೆ. ಕೇಳಿದರೆ “ಇಲ್ಲ ಸಾರ್, ಬರೀ ಜ್ವರದ್ದು” ಅನ್ನುತ್ತಾರೆ. ಔಷಧಕ್ಕೆ ಬೇಗ ಸಾಯುವ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ, ಅದರ ಮೇಲೆ ಮಗುವಿನ ಉಚ್ಚೆ ಹಾಕಿದರೆ, ಸುತ್ತ ಏನೂ ಬೆಳೆಯದ ಉಂಗುರ ಮೂಡುತ್ತದೆ: ಆಂಟಿಬಯೋಟಿಕ್ ಕೊಟ್ಟಾಗಿದೆ ಎಂದರ್ಥ. ಸಂಶೋಧಕರು ಹೀಗೆ ಪತ್ತೆ ಮಾಡುತ್ತಾರೆ. ಅಂಥ ಮಗುವಿನ ರಕ್ತದ ಕಲ್ಚರ್ ಖಾಲಿ ಬಂದರೆ ಅಚ್ಚರಿಯೇನು?

ಕೆನಡಾದ ಎಡ್ಮಂಟನ್‌ನಲ್ಲಿ 2009ರಲ್ಲಿ ಒಂದು ಗುಂಪು ಬೇರೆಯೇ ದಾರಿ ಹಿಡಿಯಿತು. ರೋಗಾಣುವಿನ ಚೂರು ಹುಡುಕುವ ಬದಲು, ಸೋಂಕಿಗೆ ರೋಗಿಯ ಮೈ ಹೇಗೆ ಸ್ಪಂದಿಸುತ್ತಿದೆ ಎಂಬುದನ್ನು ಉಚ್ಚೆಯಲ್ಲಿರುವ ಹತ್ತಾರು ಸಣ್ಣ ರಾಸಾಯನಿಕಗಳ ಏರಿಳಿತದಿಂದ ಓದುವ ಯತ್ನ ಅದು. ಮರುವರ್ಷ ಗ್ಯಾಂಬಿಯಾದ ಮಕ್ಕಳ ರಕ್ತ ಮತ್ತು ಉಚ್ಚೆಯಲ್ಲೂ ಇದನ್ನು ಸಣ್ಣ ಪ್ರಮಾಣದಲ್ಲಿ ನೋಡಿದರು. ಮೂಗಿನಲ್ಲಿ ಸುಮ್ಮನೆ ಇರುವ ರೋಗಾಣುವಿಗೆ ಮೈ ಕೆರಳುವುದಿಲ್ಲ, ಎದೆಗಿಳಿದರೆ ಕೆರಳುತ್ತದೆ. ತರ್ಕ ನನಗೆ ಒಪ್ಪಿಗೆ. ಆ ಯಂತ್ರ ಮಾತ್ರ ಒಂದು ಕೋಣೆಯಷ್ಟು ದೊಡ್ಡದು.

9. ನನಗೆ ಬೇಕಾದ ಪರೀಕ್ಷೆ ‘ಇಲ್ಲ’ ಎನ್ನಬಲ್ಲದ್ದು

ಬಾಂಗ್ಲಾದೇಶ, ಥಾಯ್ಲೆಂಡ್ ಮತ್ತು ಆಫ್ರಿಕಾದ ಐದು ದೇಶಗಳಲ್ಲಿ ನಡೆದ ‘ಪರ್ಚ್’ ಅಧ್ಯಯನ 2019ರಲ್ಲಿ ಹೊರಬಂತು. ಆಸ್ಪತ್ರೆ ಸೇರುವಷ್ಟು ನ್ಯುಮೋನಿಯಾ ಆಗಿ, ಎಕ್ಸ್‌ರೇಯಲ್ಲೂ ಕಂಡ, ಎಚ್‌ಐವಿ ಇಲ್ಲದ ಮಕ್ಕಳಲ್ಲಿ ನೂರಕ್ಕೆ ಸುಮಾರು 61 ವೈರಸ್ಸಿನದು, 27 ಬ್ಯಾಕ್ಟೀರಿಯಾದ್ದು; ಆರ್‌ಎಸ್‌ವಿ ಎಂಬ ಒಂದೇ ವೈರಸ್ಸಿನ ಪಾಲು 31. ಅವರು ಮಾಡಿದ ಜಾಣತನವೆಂದರೆ ರೋಗವಿಲ್ಲದ ಮಕ್ಕಳನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಿದ್ದು. ನಾನು ಆ ನಾಲ್ಕು ವರ್ಷದ ದಾಂಧಲೆಕೋರನಿಗೆ ಮಾಡಿದ್ದನ್ನು ಅವರು ಸಾವಿರಾರು ಮಕ್ಕಳಿಗೆ ಮಾಡಿದರು.

ಅಂದರೆ ಉಸಿರು ಎಣಿಸಿ ನಾವು ಅಮಾಕ್ಸಿಸಿಲಿನ್ ಕೊಡುವ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಬೇಕಿಲ್ಲ. ಗೊತ್ತಿದ್ದೇ ಕೊಡುತ್ತೇವೆ, ಬೇಕಾದವರು ಯಾರೆಂದು ಗೊತ್ತಿಲ್ಲದ್ದರಿಂದ. ಇದು ನನಗೆ ಸಮಾಧಾನ ಕೊಡುವ ಸಂಗತಿಯಲ್ಲ. ಉಚ್ಚೆಯ ಪರೀಕ್ಷೆ ಮಾಡುವವರು ‘ಬ್ಯಾಕ್ಟೀರಿಯಾ ಇದೆ’ ಎಂದು ಹೇಳುವುದರ ಹಿಂದೆ ಬಿದ್ದಿದ್ದಾರೆ. ಇದೆ ಎನ್ನುವುದು ನನಗೆ ಅಷ್ಟು ಉಪಯೋಗವಿಲ್ಲ, ಹೇಗೂ ಔಷಧ ಕೊಡುತ್ತಿದ್ದೆ. ‘ಖಂಡಿತ ಇಲ್ಲ, ಧೈರ್ಯವಾಗಿ ಕಳಿಸು’ ಎನ್ನುವ ಪಟ್ಟಿಯೊಂದನ್ನು ಯಾರಾದರೂ ಚನ್ನಗಿರಿಗೆ ತಂದರೆ ಅವರಿಗೆ ನಾನೇ ಹಾರ ಹಾಕುತ್ತೇನೆ.

ಅಲ್ಲಿಯವರೆಗೆ ನನ್ನ ಪರೀಕ್ಷೆ “ನಾಡಿದ್ದು ಬನ್ನಿ” ಎಂಬುದು. ಎರಡು ದಿನದ ಮೇಲೆ ಮಗು ಹೇಗಿದೆ ಎನ್ನುವುದು ಯಾವ ಗೆರೆಗಿಂತಲೂ ಚೆನ್ನಾಗಿ ಹೇಳುತ್ತದೆ. ಖರ್ಚು ಒಂದು ಬಸ್ ಚಾರ್ಜು, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಈಗ ಅದೂ ಇಲ್ಲ. ಕೂಲಿ ಮಾತ್ರ ಹೋಗುತ್ತದೆ. ಆ ಕೂಲಿಯ ಲೆಕ್ಕ ಮರೆತು ‘ಯಾಕೆ ಬರಲಿಲ್ಲ’ ಎಂದು ಬೈಯುವ ಡಾಕ್ಟರು ನಾನೂ ಆಗಿದ್ದೆ.

ಸಂತೇಬೆನ್ನೂರಿನ ಹುಡುಗನ ಉಸಿರು ಮೊದಲ ದಿನ 52 ಇತ್ತು. ಪಕ್ಕೆ ಸೆಳೆತವಿಲ್ಲ, ಸಿಳ್ಳೆಯಿಲ್ಲ, ಆಕ್ಸಿಜನ್ 96, ಹಾಲು ಕುಡಿಯುತ್ತಿದ್ದ. ಐದು ದಿನಕ್ಕೆ ಅಮಾಕ್ಸಿಸಿಲಿನ್ ಬರೆದು, ಬಾಟ್ಲಿಯಲ್ಲಿದ್ದದ್ದನ್ನು ಅಜ್ಜಿಯ ಸಮಾಧಾನಕ್ಕೆ ಬೆಳಕಿಗೆ ಹಿಡಿದು ನೋಡಿ, ಉಸಿರು ಎಣಿಸುವುದು ಹೇಗೆಂದು ಅವರಿಗೇ ಹೇಳಿಕೊಟ್ಟೆ. ಬೆರಳ ಗೆಣ್ಣು ಮುಟ್ಟುತ್ತ, ಮೊಬೈಲಿನ ಗಡಿಯಾರ ನೋಡುತ್ತ. ನಲವತ್ತರ ಕೆಳಗೆ ಬಂದರೆ ಹುಷಾರಾಗುತ್ತಿದ್ದಾನೆ ಎಂದರ್ಥ ಅಂದೆ.

ಮೂರನೇ ದಿನ ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಅಜ್ಜಿ ಜಗುಲಿಯಲ್ಲಿದ್ದರು, ಕಣ್ಣಲ್ಲಿ ನೀರು. “ಎಪ್ಪತ್ತು ಬಂತು ಡಾಕ್ಟ್ರೇ. ರಾತ್ರಿಯೆಲ್ಲ ಎಣಿಸೀನಿ, ಎಪ್ಪತ್ತಕ್ಕೆ ಕಮ್ಮಿ ಇಲ್ಲ.” ಹುಡುಗ ಮಾತ್ರ ನನ್ನ ಸ್ಟೆತಸ್ಕೋಪ್ ಎಳೆದು ಬಾಯಿಗಿಟ್ಟುಕೊಳ್ಳಲು ನೋಡುತ್ತಿದ್ದ. ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಎಣಿಸಿದೆ. 35. “ನೀವು ಹ್ಯಾಗೆ ಎಣಿಸಿದ್ರಿ, ತೋರಿಸ್ರಿ ಅಜ್ಜಿ” ಅಂದೆ. ಮೊಮ್ಮಗನ ಹೊಟ್ಟೆ ನೋಡುತ್ತ ಹೆಬ್ಬೆರಳನ್ನು ಗೆಣ್ಣಿನ ಮೇಲೆ ಸರಿಸತೊಡಗಿದರು: ಹೊಟ್ಟೆ ಏರಿದಾಗ ಒಂದು, ಇಳಿದಾಗ ಎರಡು.